ಕೋಡ್ ಲೈಬ್ರರಿ ಜೊತೆ ಬರುವ ಮಾದರಿ ಪ್ರೋಗ್ರಾಮ್ ಓದಿಸಿ

ಮಾನ್ಯ ಸಂಪಾದಕರೇ,

ನಮ್ಮ ಹುಡುಗರಿಗೆ ಕೋಡ್ ಬರೆಯಲು ಬರುವುದಿಲ್ಲ ಎಂಬ ದೂರನ್ನು ಪತ್ರಿಕೆಗಳಲ್ಲಿ ಆಗಾಗ ಓದುತ್ತೇನೆ. ಡಿಪ್ಲೊಮಾ ಮಕ್ಕಳಿಗೆ 14 ವರ್ಷದಿಂದ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತಿದ್ದೇನೆ. ಬರೆಯುವ ಮಾತಿರಲಿ, ಚೆನ್ನಾಗಿ ಬರೆದ ಒಂದು ಪ್ರೋಗ್ರಾಮನ್ನು ಅವರು ಓದಿಯೇ ಇರುವುದಿಲ್ಲ.

ಈ ಸಲ ನನ್ನ ಒಬ್ಬ ವಿದ್ಯಾರ್ಥಿ ಅಜ್ಜಿಯಿಂದ ಆರುನೂರು ಗಾದೆ ಕೇಳಿ ಟೈಪ್ ಮಾಡಿದ. ಆ ಫೈಲನ್ನು, ಫೈಲ್ ಕುಗ್ಗಿಸಲೆಂದೇ ಬರೆದಿಟ್ಟ ಸಿದ್ಧ ಕೋಡಿನ ಲೈಬ್ರರಿಯಾದ ಝಡ್‌ಲಿಬ್ ಬಳಸಿ ಚಿಕ್ಕದು ಮಾಡುವುದೇ ಅವನ ಪ್ರಾಜೆಕ್ಟ್. ಹತ್ತು ಗಾದೆ ಹಾಕಿ ತೋರಿಸಿದಾಗ ಎಲ್ಲ ಸರಿಯಾಗಿತ್ತು. ಇಡೀ ಫೈಲ್ ಹಾಕಿ ವಾಪಸ್ ಬಿಚ್ಚಿದರೆ 'ಕೈ ಕೆಸರಾದರೆ' ಅನ್ನುವಲ್ಲಿಗೆ ನಿಂತುಬಿಟ್ಟಿತು. "ಬಾಯಿ ಮೊಸರು ಎಲ್ಲಿ ಹೋಯ್ತು ಮೇಡಂ?" ಎಂದ.

ಸೀನಿಯರ್ ಕೊಟ್ಟ ಕೋಡು ಅದು. 4096 ಬೈಟಿನ ಬಫರ್ (ಫಲಿತಾಂಶ ತುಂಬಿಕೊಳ್ಳುವ ಜಾಗ) ಇಟ್ಟು, ಚಿಕ್ಕದು ಮಾಡುವ ಡಿಫ್ಲೇಟ್ ಎಂಬ ಫಂಕ್ಷನ್ನನ್ನು ಒಂದೇ ಸಲ ಕರೆದಿದ್ದ. ಬಫರ್ ತುಂಬಿತು, ಮಿಕ್ಕಿದ್ದು ಒಳಗೇ ಉಳಿಯಿತು. ಕೆಲಸ ಮುಗಿದಿದ್ದರೆ ಡಿಫ್ಲೇಟಿನಿಂದ 'ಝಡ್ ಸ್ಟ್ರೀಮ್ ಎಂಡ್' ಎಂಬ ಉತ್ತರ ಬರಬೇಕು. ಬಂದಿದ್ದು 'ಝಡ್ ಓಕೆ', ಅಂದರೆ ಕೆಲಸ ಇನ್ನೂ ಬಾಕಿ ಇದೆ ಎಂದು. ನನ್ನ ಹುಡುಗ ಅದನ್ನು ನೋಡಿರಲೇ ಇಲ್ಲ.

ಝಡ್‌ಲಿಬ್ ಜೊತೆಯಲ್ಲೇ 'ಎಕ್ಸಾಂಪಲ್ಸ್' ಅಂತ ಒಂದು ಫೋಲ್ಡರ್ ಬರುತ್ತದೆ. ಅದರಲ್ಲಿ ಝಡ್‌ಪೈಪ್ ಎಂಬ ಸುಮಾರು 200 ಸಾಲಿನ ಪ್ರೋಗ್ರಾಮ್ ಇದೆ. ಬರೆದವರು ಮಾರ್ಕ್ ಆಡ್ಲರ್. 1995ರಲ್ಲಿ ಹೊರಬಂದ ಈ ಲೈಬ್ರರಿಯನ್ನು ಬರೆದ ಇಬ್ಬರಲ್ಲಿ ಅವರೂ ಒಬ್ಬರು. ಅಲ್ಲಿ ಒಂದರೊಳಗೊಂದು ಎರಡು ಲೂಪ್, ಅಂದರೆ ಮತ್ತೆ ಮತ್ತೆ ನಡೆಯುವ ಸುತ್ತು. ಹೊರಗಿನದು ಫೈಲನ್ನು 16384 ಬೈಟಿನ ತುಂಡು ತುಂಡಾಗಿ ಓದುತ್ತದೆ. ಒಳಗಿನದು ಬಫರ್ ತುಂಬಿದಾಗಲೆಲ್ಲ ಖಾಲಿ ಮಾಡಿ ಡಿಫ್ಲೇಟನ್ನು ಮತ್ತೆ ಕರೆಯುತ್ತದೆ. ರಾಗಿ ಅಳೆಯುವುದನ್ನು ನೋಡಿದ್ದೀರಲ್ವಾ? ಸೇರು ತುಂಬಿದರೆ ಸುರಿದು ಮತ್ತೆ ಮೊಗೆಯಬೇಕು. ತುಂಬದೆ ಉಳಿಯಿತೋ, ರಾಶಿ ಮುಗಿಯಿತು. ಇಷ್ಟು ಹೇಳಿದ್ದೇ ತಡ, ಹುಡುಗ ತಾನೇ ತಿದ್ದಿಕೊಂಡ.

ಇನ್ನೊಂದು ವಿಷಯ. ವಿಂಡೋಸಿನಲ್ಲಿ ಫೈಲ್ ಬರೆಯುವಾಗ ಬೈನರಿ ಮೋಡ್ (ಬೈಟುಗಳನ್ನು ಇದ್ದ ಹಾಗೇ ಬಿಡು ಎಂಬ ಸೂಚನೆ) ಹಾಕದಿದ್ದರೆ 10 ಎಂಬ ಬೈಟಿಗೆ ಮೊದಲು 13 ಸುಮ್ನೆ ಬಂದು ಕೂರುತ್ತದೆ. ಚಿಕ್ಕದು ಮಾಡಿದ ಫೈಲ್ ಕೆಡಲು ಅಷ್ಟು ಸಾಕು. ಅದಕ್ಕೂ ಝಡ್‌ಪೈಪಿನಲ್ಲಿ ಏರ್ಪಾಡಿದೆ. ನಮ್ಮ ಲ್ಯಾಬಿನಲ್ಲಿರುವುದೆಲ್ಲ ವಿಂಡೋಸೇ, ಆದರೆ ಲ್ಯಾಬ್ ಮ್ಯಾನ್ಯುಯಲ್‌ನಲ್ಲಿ ಈ ಬಗ್ಗೆ ಒಂದು ಸಾಲೂ ಇಲ್ಲ. ಪರೀಕ್ಷೆಯಲ್ಲಿ ಮಾತ್ರ, ಫೈಲ್ ಚಿಕ್ಕದು ಮಾಡುವ ವಿಧಾನದ ಚಿತ್ರವಾದ ಹಫ್‌ಮನ್ ಟ್ರೀ ಬರೆಯಿರಿ ಅನ್ನುತ್ತೇವೆ. ಮಕ್ಕಳು ರಂಗೋಲಿ ಬಿಟ್ಟ ಹಾಗೆ ಚೆಂದವಾಗಿ ಬರೆದುಕೊಡುತ್ತಾರೆ, ಪೂರ್ತಿ ಅಂಕ ತಗೊಳ್ಳುತ್ತಾರೆ. ತಪ್ಪು ಅವರದಲ್ಲ, ಪ್ರಶ್ನೆ ಕೇಳುವ ನಮ್ಮದೇ.

ಝಡ್‌ಪೈಪ್ ಫೈಲಿನ ಮೊದಲಲ್ಲೇ ಇದಕ್ಕೆ ಕಾಪಿರೈಟ್ ಇಲ್ಲ ಎಂದು ಬರೆದಿದೆ. ಹಾಗಾಗಿ ಎರಡು ಸಂಜೆ ಕೂತು ಅದರ ಕಾಮೆಂಟುಗಳನ್ನೆಲ್ಲ, ಅಂದರೆ ಕೋಡಿನ ನಡುವೆ ಓದುವವರಿಗಾಗಿ ಬರೆದ ವಿವರಣೆಗಳನ್ನೆಲ್ಲ, ಕನ್ನಡಕ್ಕೆ ತಂದೆ. ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರ್ ತಕರಾರು ಮಾಡಲಿಲ್ಲ. ಮಕ್ಕಳು ಈಗ ಅದನ್ನೇ ಪ್ರಿಂಟ್ ಹಾಕಿಸಿ ರೆಕಾರ್ಡ್ ಪುಸ್ತಕಕ್ಕೆ ಅಂಟಿಸಿಕೊಂಡಿದ್ದಾರೆ. ಪಠ್ಯ ಮಾಡುವವರು ಇಂಥ ನಾಲ್ಕು ಪ್ರೋಗ್ರಾಮನ್ನಾದರೂ ಲ್ಯಾಬಿಗೆ ಸೇರಿಸಲಿ. ನಿಮ್ಮ ತಂತ್ರಜ್ಞಾನ ಪುಟದಲ್ಲೂ ಹೊಸ ಫೋನುಗಳ ಸುದ್ದಿ ಒಂದು ಕಾಲಂ ಕಮ್ಮಿ ಮಾಡಿ, ವಾರಕ್ಕೊಂದು ಮಾದರಿ ಪ್ರೋಗ್ರಾಮ್ ಬಿಡಿಸಿ ಹೇಳಿ. ಬೇಕಿದ್ದರೆ ಮೊದಲನೆಯದನ್ನು ನಾನೇ ಬರೆದು ಕಳಿಸುತ್ತೇನೆ.

ಇಂತಿ,
ಡಿಪ್ಲೊಮಾ ಉಪನ್ಯಾಸಕಿ, ಹಾಸನ