ಮಗಳಿಗೊಂದು ಪತ್ರ: ಸಾಯಂಕಾಲದ ಬಸ್ಸು

ಪುಟ್ಟಿ,

ಮೊನ್ನೆ ಫೋನಿನಲ್ಲಿ ಕೇಳಿದೆಯಲ್ಲ, ‘ತಪ್ಪು ಒಪ್ಪಿಕೊಂಡು ಶಿಕ್ಷೆ ಕಡಿಮೆ ಮಾಡಿಸಿಕೊಳ್ಳುವ ಈ ಪ್ಲೀ ಬಾರ್ಗೇನಿಂಗ್ ನ್ಯಾಯವಾ ಅಪ್ಪಾ’ ಅಂತ. ಸಂತೆ ಗಲಾಟೆಯಲ್ಲಿ ಸುಮ್ನೆ ಏನೋ ಹೇಳಿಬಿಟ್ಟೆ. ಅಷ್ಟು ವರ್ಷ ಕೋರ್ಟಿನಲ್ಲಿ ಸ್ಟೆನೋ ಆಗಿದ್ದವನು ಹಾಗೆ ಮುಗಿಸಬಾರದಿತ್ತು.

ನಮ್ಮ ದೇಶಕ್ಕೆ ಇದು ಬಂದಿದ್ದು 2006ರ ಜುಲೈನಲ್ಲಿ. ಏಳು ವರ್ಷದೊಳಗಿನ ಶಿಕ್ಷೆಯ ಕೇಸುಗಳಿಗೆ ಮಾತ್ರ. ಹೆಂಗಸರ, ಸಣ್ಣ ಮಕ್ಕಳ ಮೇಲಿನ ಅಪರಾಧಕ್ಕೆ ಇಲ್ಲ. ಇದೆಲ್ಲ ನಿನ್ನ ಪುಸ್ತಕದಲ್ಲೇ ಇದೆ ಬಿಡು.

ಪಂಪ್‌ಸೆಟ್ ಮೋಟರ್ ಕದ್ದ ಆರೋಪದ ಮೇಲೆ ಒಬ್ಬ ಹುಡುಗ ಬಂದಿದ್ದ. ಜಾಮೀನು ಆಗಿತ್ತು, ಪಹಣಿ ತಂದು ಶ್ಯೂರಿಟಿ ನಿಲ್ಲುವವರು ಇರಲಿಲ್ಲ. ಹನ್ನೊಂದು ತಿಂಗಳು ಜೈಲಿನಲ್ಲೇ ಇದ್ದ. ಕಳ್ಳತನಕ್ಕೆ ಹೆಚ್ಚೆಂದರೆ ಮೂರು ವರ್ಷ. ಒಪ್ಪಂದವಾದರೆ ಅದರ ಕಾಲು ಭಾಗ, ಅಂದರೆ ಒಂಬತ್ತು ತಿಂಗಳು. ಲೆಕ್ಕ ಹಾಕು. ತಪ್ಪು ಒಪ್ಪಿಕೊಂಡರೆ ಅವತ್ತೇ ಬಿಡುಗಡೆ. ಇಲ್ಲದಿದ್ದರೆ ಮುಂದಿನ ವಾಯಿದೆ.

ಜಡ್ಜ್ ಸಾಹೇಬರು ಕಾನೂನಿನಂತೆ ಅವನನ್ನು ಚೇಂಬರಿಗೆ ಕರೆಸಿ ಕೇಳಿದರು, ‘ಯಾರಾದರೂ ಹೆದರಿಸಿದ್ದಾರಾ?’

‘ಇಲ್ಲ ಸ್ವಾಮಿ. ಒಪ್ಕೊಂಡ್ರೆ ಸಾಯಂಕಾಲದ ಬಸ್ಸು ಸಿಗುತ್ತಾ?’

ಬಸ್ಸಿನ ಮಾತು ಬಿಟ್ಟು ‘ಸ್ವಇಚ್ಛೆಯಿಂದ’ ಅಂತ ಟೈಪ್ ಮಾಡಿದವನು ನಾನೇ.

ನಿಜಕ್ಕೂ ಕದ್ದಿದ್ದನಾ? ಇವತ್ತಿಗೂ ಗೊತ್ತಿಲ್ಲ. ಒಬ್ಬ ಸಾಕ್ಷಿಯೂ ಕಟಕಟೆ ಹತ್ತಲಿಲ್ಲ. ಇಂಥ ತೀರ್ಪಿಗೆ ಮಾಮೂಲಿ ಅಪೀಲೂ ಇಲ್ಲ.

ಅಮೆರಿಕದ್ದು ಇನ್ನೂ ಜೋರು. ಕೆಂಟಕಿಯಲ್ಲಿ ಹೇಯ್ಸ್ ಎಂಬವನ ಮೇಲೆ 88 ಡಾಲರಿನ ಖೋಟಾ ಚೆಕ್ಕಿನ ಕೇಸು. ಒಪ್ಪಿಕೊಂಡರೆ ಐದು ವರ್ಷ, ಇಲ್ಲವಾದರೆ ಹಳೇ ಕೇಸುಗಳನ್ನೂ ಎಳೆದು ಜೀವಾವಧಿಗೆ ತಳ್ಳುತ್ತೇನೆ ಅಂದ ಪ್ರಾಸಿಕ್ಯೂಟರ್. ಹೇಯ್ಸ್ ಒಪ್ಪಲಿಲ್ಲ. ಜೀವಾವಧಿಯೇ ಆಯ್ತು. 1978ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 5–4ರಲ್ಲಿ ಅದಕ್ಕೆ ಸೈ ಅಂದಿತು.

ಸಂತೆಯಲ್ಲಿ ಬೆಲೆ ಕುದುರದಿದ್ದರೆ ಖಾಲಿ ಚೀಲ ಹಿಡಿದು ಮನೆಗೆ ಬರುತ್ತೇವೆ, ಅಲ್ವಾ? ಆ ಹುಡುಗ ಚೌಕಾಸಿ ಬಿಟ್ಟು ಎದ್ದರೆ ಹೋಗಬೇಕಾದ್ದು ಜೈಲಿಗೇ. ಪದ್ಧತಿಯೇ ಬೇಡ ಅನ್ನುವುದಿಲ್ಲ ನಾನು; ಅಲೆದು ಸುಸ್ತಾದ ದೂರುದಾರರಿಗೆ ಇದರಿಂದ ಪರಿಹಾರವೂ ಸಿಗಬಹುದು. ಆದರೆ ಮೊದಲು ಅವನನ್ನು ಹೊರಗೆ ಬಿಟ್ಟು, ಆಮೇಲೆ ಕೇಳಬೇಕಿತ್ತು. 2024ರ ಹೊಸ ಕಾನೂನಿನಲ್ಲಂತೂ ಮೊದಲ ಸಲದವರಿಗೆ ಆರನೇ ಒಂದು ಭಾಗವೇ ಸಾಕು. ಒಳಗಿರುವವನಿಗೆ ಆಸೆ ಇನ್ನೂ ಜಾಸ್ತಿ.

ವರ್ಷ ಕಳೆದ ಮೇಲೆ ಆ ಹುಡುಗ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದ. ‘ಸುತ್ತಮುತ್ತ ಯಾವ ಮೋಟರ್ ಹೋದ್ರೂ ಪೊಲೀಸ್ರು ಮೊದ್ಲು ನಮ್ಮನೆಗೇ ಬರ್ತಾರೆ ಸಾರ್’ ಅಂದ. ಕಾಫಿ ಕೊಡಿಸಿದೆ. ಬೇರೇನು ಹೇಳಬೇಕೋ ತಿಳಿಯಲಿಲ್ಲ.

ನಿನ್ನ ಅಪ್ಪ