ದೀಪದ ಕುಡಿಗೂ ಚಳಿ

ಗೆಳೆಯಾ,

ನೀನು ಕಳಿಸಿದ ‘ಮಿಹ್ರಿಬಾನ್’ ಎಂಬ ಟರ್ಕಿಶ್ ಹಾಡನ್ನು ರಾತ್ರಿ ನಾಲ್ಕು ಸಲ ಕೇಳಿದೆ. ‘ಒಂದು ಪದವೂ ತಿಳಿಯಲಿಲ್ಲ, ಆದರೂ ಕಣ್ಣು ತುಂಬಿ ಬಂತು, ಏನು ಹೇಳ್ತಿದ್ದಾನೋ ಇವನು?’ ಅಂತ ಕೇಳಿದ್ದೆಯಲ್ಲ, ಅದಕ್ಕೇ ಈ ಕಾಗದ.

‘ಮಿಹ್ರಿಬಾನ್’ ಮೊದಲು ಕವಿತೆ. ಬರೆದವರು ಟರ್ಕಿಯ ಎಲ್ಬಿಸ್ತಾನ್ ಕಡೆಯ ಅಬ್ದುರ್ರಹೀಮ್ ಕರಕೋಚ್ (1932–2012). ರಾಗ ಕೂಡಿಸಿದವರು ಮೂಸಾ ಎರೋಗ್ಲು. ಮಿಹ್ರಿಬಾನ್ ಕವಿ ಪ್ರೀತಿಸಿದ ಹುಡುಗಿಯ ನಿಜವಾದ ಹೆಸರಲ್ಲ, ಕವಿ ಇಟ್ಟ ಹೆಸರು. ನಮ್ಮ ಉತ್ತರ ಕರ್ನಾಟಕದ ಮಾತಿನ ‘ಮೆಹರಬಾನಿ’ ಇದೆಯಲ್ಲ, ಅದರದ್ದೇ ಬಳಗ. ಅಕ್ಕರೆಯುಳ್ಳವಳು ಅಂತ ಅರ್ಥ. ದೂರವಾದವಳನ್ನು ಹಾಗೆ ಕರೆಯಲು ಎಂಥ ಮನಸ್ಸು ಬೇಕು ನೋಡು.

ನಿನ್ನ ಹೊಂಗೂದಲಿಗೆ ನನ್ನ ಹುಚ್ಚು ಮನಸ್ಸನ್ನು ಕಟ್ಟಿಬಿಟ್ಟಿದ್ದೇನೆ, ಬಿಚ್ಚಲು ಬರುತ್ತಿಲ್ಲ: ಹಾಡು ಶುರುವಾಗುವುದೇ ಹೀಗೆ. ‘ಕಟ್ಟಿದೆ’ ಎನ್ನಲು ಅವರು ಬಳಸಿರುವ ಪದ ‘ಬಾಲಮಿಶಿಮ್’. ಆ ‘ಮಿಶ್’ ಪ್ರತ್ಯಯ, ಅರಿವಿಲ್ಲದೆ ನಡೆದದ್ದು ಆಮೇಲೆ ಗೊತ್ತಾದಾಗಲೂ ಬರುತ್ತದೆ. ಗಂಟು ಯಾವಾಗ ಬಿತ್ತೋ ಅವನಿಗೇ ತಿಳಿಯದು. ಜೊತೆಯಲ್ಲಿ ಮಿಡಿಯುವ ಉದ್ದ ಕೊರಳಿನ ವಾದ್ಯದ ಹೆಸರು ‘ಬಾಲಮಾ’, ಅದೂ ಇದೇ ‘ಕಟ್ಟು’ ಎಂಬ ಧಾತುವಿನದು. ವೀಣೆಗೆ ಮೇಣದಲ್ಲಿ ಮೆಟ್ಟಿಲು ಕೂರಿಸಿದರೆ, ಇದಕ್ಕೆ ಎಳೆ ಸುತ್ತಿ ಗಂಟು ಹಾಕುತ್ತಾರೆ. ಆ ಗಂಟುಗಳ ಮೇಲೆಯೇ ಬೆರಳು ಓಡಬೇಕು.

ಅಗಲಿಕೆಗಿಂತ ಸಾವು ಕಷ್ಟ ಅಂದುಕೊಳ್ಳಬೇಡ ಎಂಬ ಮಾತೂ ಬರುತ್ತದೆ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದಲ್ಲ. ಪ್ರಿಯೆ ಅನ್ನುತ್ತಲೇ ಕೈಯಿಂದ ಲೇಖನಿ ಜಾರುತ್ತದೆ, ಕಣ್ಣು ಕಾಣದಾಗುತ್ತದೆ, ದೀಪದಲ್ಲಿ ನಡುಗುವ ಕುಡಿಗೆ ಚಳಿಯಾಗುತ್ತದೆ. ಬೆಂಕಿಗೇ ಚಳಿ ಕಣೋ! ಕುಡಿ ನಡುಗುವುದನ್ನು ನಾವೆಲ್ಲ ನೋಡಿದ್ದೇವೆ, ಅದು ಚಳಿಗೆ ಅಂತ ಕಂಡದ್ದು ಅವನೊಬ್ಬನಿಗೆ. ಆಮೇಲೆ, ಪ್ರೇಮವನ್ನು ಕಾಗದದ ಮೇಲೆ ಬರೆಯಲಾಗುತ್ತಿಲ್ಲ ಅನ್ನುತ್ತಾನೆ. ನೀನು ನಿನ್ನ ಹುಡುಗಿಗೆ ಬರೆದು ಬರೆದು ಹರಿದ ಕಾಗದಗಳನ್ನು ನಮ್ಮ ರೂಮಿನಲ್ಲಿ ಗುಡಿಸಿದವನು ನಾನು. ಆ ಸಾಲು ನಿನ್ನ ಕಣ್ಣಿಗೆ ಯಾಕೆ ನೀರು ತರಿಸಿತು ಅಂತ ನನಗೆ ಗೊತ್ತು.

ಎಷ್ಟೋ ಕಾಲದ ಮೇಲೆ ಕವಿ ಅವಳಿಗೇ ಇನ್ನೊಂದು ಕವಿತೆ ಬರೆದರು. ಮರೆಯುವುದು ಸುಲಭವೇ ಅನ್ನಬೇಡ, ಮಗನೋ ಮಗಳೋ ಹುಟ್ಟಲಿ, ಮರೆಯುತ್ತೀ ಅಂತ. ನಿನ್ನ ಆ ಹುಡುಗಿಯ ಮಗಳು ಈ ವರ್ಷ ಶಾಲೆಗೆ ಸೇರಿದಳು ಅಂತ ನೀನೇ ಹೇಳಿದ್ದೆ. ಆ ಎರಡನೆಯ ಕವಿತೆಯನ್ನು ಫೋನಿನಲ್ಲಿ ಕಳಿಸಲು ಮನಸ್ಸಾಗಲಿಲ್ಲ. ಭಾನುವಾರ ಬರುತ್ತೇನೆ, ಕೂತು ಕೇಳೋಣ.

ನಿನ್ನವನು