ಸೀನನಿಗೆ, ಮಾರ್ಚ್ ಬರುವ ಮುಂಚೆ

ಮೈಸೂರು, ಫೆಬ್ರವರಿ 2026

ಸೀನ,

ನಿನ್ನ ಮೆಸೇಜು ಬೆಳಗಿನ ಜಾವ ಬಂತು. "ಈ ಸಲ ಯಾರನ್ನ ಕೊಂಡ್ಕೋಬೇಕು ಹೇಳೋ" ಅಂತ ಒಂದೇ ಸಾಲು, ಅದರ ಕೆಳಗೆ ಆ ಹಸಿರು ಬಕೆಟ್ಟಿನ ಫೋಟೊ. ಬಕೆಟ್ಟಿನ ವಿಷಯ ಕೊನೆಗೆ. ನಿನ್ನ ಅಮೆರಿಕನ್ ಫುಟ್‌ಬಾಲ್ ತಂಡ ನ್ಯೂಯಾರ್ಕ್ ಜೆಟ್ಸ್ ಈ ಸಲ 3–14, ಮೂರು ಗೆಲುವು, ಹದಿನಾಲ್ಕು ಸೋಲು. ಹದಿನೇಳು ಪಂದ್ಯ ಆಡಿ ಎದುರಾಳಿಯ ಒಂದು ಪಾಸನ್ನೂ ಗಾಳಿಯಲ್ಲಿ ಕಿತ್ತುಕೊಳ್ಳದ ತಂಡ ಆ ಲೀಗಿನ, ಎನ್‌ಎಫ್‌ಎಲ್‌ನ, ಚರಿತ್ರೆಯಲ್ಲಿ ಇನ್ನೊಂದಿಲ್ಲ. 2010ರ ಸೀಸನ್ ಆದಮೇಲೆ ಪ್ಲೇಆಫ್ ಕಂಡಿಲ್ಲ. ಆಟಗಾರರ ಸಂತೆ, ಅಂದರೆ ಫ್ರೀ ಏಜೆನ್ಸಿ, ತೆರೆಯುವ ಮಾರ್ಚ್ ತಿಂಗಳಿಗೆ ನೀನು ಹೀಗೆ ಕಾಯುವುದು ನನಗೆ ಅರ್ಥವಾಗುತ್ತದೆ.

ಯಾರನ್ನು ಅಂತ ಹೆಸರು ಹೇಳುವುದಿಲ್ಲ, ಹೇಗೆ ಅಂತ ಹೇಳುತ್ತೇನೆ. ಪತ್ರವನ್ನು ನಾಲ್ಕು ಜನ ಓದುವ ಕಡೆ ಹಾಕುತ್ತಿದ್ದೇನೆ, ನಿನಗೆ ಗೊತ್ತಿರುವುದನ್ನೂ ಅಲ್ಲಲ್ಲಿ ಬಿಡಿಸಿ ಹೇಳಬೇಕಾಗುತ್ತದೆ. ಬೇಜಾರು ಮಾಡಿಕೊಳ್ಳಬೇಡ.

ಫ್ರೀ ಏಜೆನ್ಸಿ ಐಪಿಎಲ್ ಹರಾಜಿನಂತಲ್ಲ. ಸುತ್ತಿಗೆ ಹೊಡೆಯುವವರು ಇಲ್ಲ. ನಾಲ್ಕು ಸೀಸನ್ ಪೂರೈಸಿ ಕರಾರು ಮುಗಿದ ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗಬಹುದು. ಈ ಸಲ ಮಾರ್ಚ್ 9ರ ಮಧ್ಯಾಹ್ನ 12ಕ್ಕೆ ಏಜೆಂಟರ ಜೊತೆ ಮಾತುಕತೆ ಶುರು, 11ರ ಸಂಜೆ 4ಕ್ಕೆ ರುಜು. ನಡುವೆ ಇರುವುದು 52 ಗಂಟೆ. ದೊಡ್ಡ ತಪ್ಪುಗಳೆಲ್ಲ ಆಗುವುದು ಈ 52 ಗಂಟೆಯಲ್ಲೇ. ಆಟಗಾರನನ್ನು ತಂಡದ ಊರಿಗೆ ಕರೆಸಿ ಎದುರು ಕೂರಿಸಿ ಮಾತಾಡುವಂತಿಲ್ಲ, ಮಂಡಿ, ಭುಜ ತಪಾಸಣೆ ಮಾಡಿಸುವಂತಿಲ್ಲ. ಆದರೂ ಬೆಲೆ ಕುದುರಿಬಿಟ್ಟಿರುತ್ತದೆ. ಅವನನ್ನು ನಾಲ್ಕು ವರ್ಷ ದಿನಾ ನೋಡಿದ, ಅವನ ಎಕ್ಸ್-ರೇ ಎಲ್ಲ ಇಟ್ಟುಕೊಂಡಿರುವ ಹಳೆಯ ತಂಡ ಅವನನ್ನು ಹೋಗಲು ಬಿಟ್ಟಿದೆ. ಯಾಕೆ ಬಿಟ್ಟಿತು ಅನ್ನುವುದೇ ಮೊದಲ ಪ್ರಶ್ನೆಯಾಗಬೇಕು. ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್‌ಗೆ ಕೊಟ್ಟು ಹಣ ಖಾಲಿಯಾಗಿತ್ತು, ಕೋಚ್ ಬದಲಾದ, ಅದೇ ಜಾಗದಲ್ಲಿ ಇನ್ನೊಬ್ಬ ದೊಡ್ಡವನಿದ್ದ: ಇವು ಒಳ್ಳೆಯ ಉತ್ತರಗಳು. ಇಂಥ ಉತ್ತರ ಸಿಗದಿದ್ದರೆ ದೂರ ಇರಬೇಕು. ಸೋತ ತಂಡಕ್ಕೆ ಇನ್ನೊಂದು ತೊಂದರೆ ಇದೆ. ಗೆಲ್ಲುವ ತಂಡ 10 ಕೊಡುವ ಕಡೆ ಇವರು 12 ಕೊಡಬೇಕು, ಇಲ್ಲವಾದರೆ ಯಾರೂ ಬರುವುದಿಲ್ಲ.

ಉದಾಹರಣೆಗೆ ನಿನ್ನ ಮನೆಯ ಅಂಗಳವೇ ಸಾಕು. 2018ರಲ್ಲಿ, ಎದುರಾಳಿಯ ಪಾಸ್ ಹಿಡಿಯುವವರನ್ನು ಕಾಯುವ ಕಾರ್ನರ್‌ಬ್ಯಾಕ್ ಟ್ರುಮೇನ್ ಜಾನ್ಸನ್‌ಗೆ 5 ವರ್ಷಕ್ಕೆ 72.5 ಮಿಲಿಯನ್ ಡಾಲರ್ ಬರೆದರು. ಅವನು ಎರಡು ವರ್ಷದಲ್ಲಿ ಆಡಿದ್ದು 17 ಪಂದ್ಯ, 2020ರಲ್ಲಿ ಮನೆಗೆ. 2019ರಲ್ಲಿ ಲೆವಿಯಾನ್ ಬೆಲ್, 4 ವರ್ಷಕ್ಕೆ 52.5 ಮಿಲಿಯನ್. ಮುಂದೆ ದಾರಿ ಬಿಡಿಸಿಕೊಡುವ ಲೈನೇ ಮುರಿದು ಬಿದ್ದಿದ್ದಾಗ ಓಡುವವನಿಗೆ ಅಷ್ಟು ಸುರಿದರು. ಆ ವರ್ಷ ಪ್ರತಿ ಓಟಕ್ಕೆ ಸರಾಸರಿ 3.2 ಗಜ. ಮುಂದಿನ ಅಕ್ಟೋಬರಿನಲ್ಲಿ ಅವನೂ ಹೊರಗೆ. ಕಳೆದ ವರ್ಷ ಕ್ವಾರ್ಟರ್‌ಬ್ಯಾಕ್ ಜಸ್ಟಿನ್ ಫೀಲ್ಡ್ಸ್, 2 ವರ್ಷಕ್ಕೆ 40 ಮಿಲಿಯನ್, ಅದರಲ್ಲಿ 30 ಗ್ಯಾರಂಟಿ. ನವೆಂಬರಿಗೆ ಬೆಂಚ್.

ಈಗ ಇದೇ ತಂಡದ 2022ನೇ ಇಸವಿ ನೋಡು. ಡಿ. ಜೆ. ರೀಡ್, ಅವನೂ ಕಾರ್ನರ್‌ಬ್ಯಾಕೇ, ವಯಸ್ಸು 25, 3 ವರ್ಷಕ್ಕೆ 33 ಮಿಲಿಯನ್. ಮಾರುಕಟ್ಟೆಯ ಮೊದಲ ಹೆಸರೇನೂ ಆಗಿರಲಿಲ್ಲ. ಆದರೆ ಆಗಿನ ಕೋಚ್ ರಾಬರ್ಟ್ ಸಾಲೆ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಡಿಫೆನ್ಸ್ ನೋಡಿಕೊಳ್ಳುತ್ತಿದ್ದಾಗ ಈ ಹುಡುಗ ಅವರ ಕೈಕೆಳಗೇ ಬೆಳೆದಿದ್ದ. ಏನು ಬರುತ್ತದೆ, ಏನು ಬರುವುದಿಲ್ಲ ಅನ್ನುವುದು ಸಾಲೆಗೆ ಗೊತ್ತಿತ್ತು. ಮೂರು ವರ್ಷವೂ ದುಡ್ಡಿಗೆ ಮೋಸವಾಗಲಿಲ್ಲ. ಜಾನ್ಸನ್‌ಗೂ ರೀಡ್‌ಗೂ ಪ್ರತಿಭೆಯ ಅಂತರಕ್ಕಿಂತ ಕೊಂಡ ರೀತಿಯ ಅಂತರವೇ ದೊಡ್ಡದು ಅನ್ನಿಸುತ್ತದೆ ನನಗೆ.

ಅದಕ್ಕೇ ಮೊದಲ ಕೆಲಸ ಇದು. ಫೆಬ್ರವರಿ ಕೊನೆಗೆ ಕಾಲೇಜು ಆಟಗಾರರನ್ನು ಪರೀಕ್ಷಿಸುವ ಇಂಡಿಯಾನಾಪೊಲಿಸ್‌ನ ಕಂಬೈನ್‌ಗೆ ಹೊರಡುವ ಮುಂಚೆ ಕೋಚ್ ಒಂದು ಹಾಳೆಯಲ್ಲಿ ಆಟಗಾರರ ಹೆಸರು ಬರೆಯದೆ ಕೆಲಸಗಳನ್ನು ಮಾತ್ರ ಬರೆಯಬೇಕು. "ಎಡಗಡೆ ಗಾರ್ಡ್: ಪಾಸ್ ಸಮಯದಲ್ಲಿ ಒಬ್ಬನೇ ನಿಂತು ತಡೆಯಬೇಕು." "ಸೇಫ್ಟಿ: ಹಿಂದೆ ನಿಂತು ಎಲ್ಲರಿಗೂ ಕೂಗಿ ಜಾಗ ಹೇಳಬೇಕು." ಆಮೇಲೆ ಸ್ಕೌಟ್‌ಗಳು ಪ್ರತಿ ಕೆಲಸಕ್ಕೆ ಮೂರು ಹೆಸರು, ಮೂರು ಬೆಲೆ ತರಬೇಕು. ಮೊದಲನೆಯವನ ಬೆಲೆ ಬರೆದಿಟ್ಟ ಗೆರೆ ದಾಟಿತೋ, ಫೋನ್ ಇಟ್ಟು ಎರಡನೆಯವನಿಗೆ ಮಾಡಬೇಕು. ರಾತ್ರಿ ಹನ್ನೊಂದಕ್ಕೆ ಮಾಲೀಕರು "ಇನ್ನೆರಡು ಹಾಕಿಬಿಡಿ" ಅಂದಾಗ ತೋರಿಸಲು ಆ ಹಾಳೆ ಬೇಕು.

2024ರಲ್ಲಿ ವಾಷಿಂಗ್ಟನ್ ಮಾಡಿದ್ದು ಹೆಚ್ಚುಕಮ್ಮಿ ಇದನ್ನೇ. 4–13 ತಂಡ, ಹೊಸ ಮ್ಯಾನೇಜರ್ ಆಡಮ್ ಪೀಟರ್ಸ್, ಹೊಸ ಕೋಚ್ ಡ್ಯಾನ್ ಕ್ವಿನ್. ದೊಡ್ಡ ಹೆಸರಿಗೆ ಬಾಯಿ ಬಿಡದೆ ಕ್ವಿನ್‌ಗೆ ಪರಿಚಯವಿದ್ದವರನ್ನು ಒಬ್ಬೊಬ್ಬರಾಗಿ ಕರೆತಂದರು. ಡಲ್ಲಾಸ್‌ನಿಂದ ಸೆಂಟರ್ ಟೈಲರ್ ಬಿಯಾಡಾಜ್, ಡಾರೆನ್ಸ್ ಆರ್ಮ್‌ಸ್ಟ್ರಾಂಗ್, ಡಾಂಟೆ ಫೌಲರ್. ಸಿಯಾಟಲ್ ದಿನಗಳಿಂದ ಗೊತ್ತಿದ್ದ ಬಾಬಿ ವ್ಯಾಗ್ನರ್ ಒಂದೇ ವರ್ಷದ ಕರಾರಿಗೆ. ಫೌಲರ್‌ನದ್ದೂ ಒಂದೇ ವರ್ಷ, ಅವನು 10.5 ಸ್ಯಾಕ್ ಕೊಟ್ಟ, ಅಂದರೆ ಅಷ್ಟು ಸಲ ಎದುರಾಳಿ ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡೆಸೆಯುವ ಮುಂಚೆಯೇ ಕೆಡವಿದ. ಏಪ್ರಿಲ್‌ನ ಡ್ರಾಫ್ಟಿನಲ್ಲಿ (ತಂಡಗಳು ಸರದಿಯಂತೆ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವುದು) ಕ್ವಾರ್ಟರ್‌ಬ್ಯಾಕ್ ಜೇಡನ್ ಡೇನಿಯಲ್ಸ್ ಬರುವ ಹೊತ್ತಿಗೆ ಚೆಂಡು ಕೊಡುವ ಸೆಂಟರ್ ಆಗಲೇ ಜಾಗದಲ್ಲಿದ್ದ. ಆ ವರ್ಷ 12–5. ಡೇನಿಯಲ್ಸ್ ಇಲ್ಲದಿದ್ದರೆ 12 ಬರುತ್ತಿರಲಿಲ್ಲ, ನಿಜ. ಆದರೆ ಹೊಸ ಹುಡುಗ ಮೊದಲ ವರ್ಷವೇ ಪೆಟ್ಟು ತಿಂದು ಹೆದರದ ಹಾಗೆ ನೋಡಿಕೊಂಡದ್ದು ಮಾರ್ಚ್ ತಿಂಗಳ ಖರೀದಿ.

ನಿಮಗೂ ಏಪ್ರಿಲ್‌ನ ಡ್ರಾಫ್ಟಿನಲ್ಲಿ ಮೊದಲ ಸುತ್ತಿನ ಎರಡು ಆಯ್ಕೆಗಳಿವೆ, ಒಂದು ಕಾರ್ನರ್‌ಬ್ಯಾಕ್ ಗಾರ್ಡ್ನರ್‌ನನ್ನು ಕೋಲ್ಟ್ಸ್‌ಗೆ ಕೊಟ್ಟು ಪಡೆದದ್ದು. ಲೈನಿನ ಎರಡು ತುದಿ ಕಾಯುವ ಟ್ಯಾಕಲ್‌ಗಳಾದ ಫಶಾನು, ಮೆಂಬು ಇಬ್ಬರೂ ಎಳೆಯರು, ಇಬ್ಬರೂ ಮೊದಲ ಸುತ್ತಿನವರು. ಇವರ ನಡುವಿನ ಜಾಗಕ್ಕೆ ಹಣ ಹೋಗಲಿ. ಗಾರ್ಡ್, ಸೇಫ್ಟಿ, ಒಳಗಿನ ಲೈನ್‌ಬ್ಯಾಕರ್ ಜಾಗಗಳಲ್ಲಿ 26–28 ವಯಸ್ಸಿನ ಗಟ್ಟಿ ಆಟಗಾರ ನ್ಯಾಯವಾದ ಬೆಲೆಗೆ ಸಿಗುತ್ತಾನೆ. ಓಡುವವರಿಗೆ ದೊಡ್ಡ ಕರಾರು ಬೇಡ. ಸಂತೆಯ ಎರಡನೇ ವಾರಕ್ಕೂ ಹಣ ಉಳಿಸಿಡಬೇಕು, ಬೆಲೆ ಇಳಿಯುವುದು ಆಗಲೇ. 2024ರಲ್ಲಿ ಝ್ಯಾಕ್ ಬಾನ್ ಫಿಲಡೆಲ್ಫಿಯಾಗೆ ಒಂದು ವರ್ಷಕ್ಕೆ 3.5 ಮಿಲಿಯನ್‌ಗೆ ಸಿಕ್ಕಿದ. ಅಂಚಿನಲ್ಲಿ ಆಡುತ್ತಿದ್ದವನನ್ನು ಡಿಫೆನ್ಸ್ ಕೋಚ್ ವಿಕ್ ಫ್ಯಾಂಜಿಯೊ ನಡುವೆ ನಿಲ್ಲಿಸಿದರು, ಅದೇ ವರ್ಷ ಅವನು ಲೀಗಿನ ಅತ್ಯುತ್ತಮರ ಪಟ್ಟಿಯಾದ ಆಲ್-ಪ್ರೊ ಮೊದಲ ತಂಡದಲ್ಲಿ. ಹಳಬರಿಗೊಂದು ರಿಯಾಯಿತಿಯೂ ಇದೆ. 2025ರ ದರದಲ್ಲಿ ಏಳು ವರ್ಷ ಪೂರೈಸಿದವನಿಗೆ ಕನಿಷ್ಠ ಸಂಬಳ 12.55 ಲಕ್ಷ ಡಾಲರ್, ಒಂದು ವರ್ಷದ ಕರಾರಾದರೆ ತಂಡದ ಲೆಕ್ಕಕ್ಕೆ ಬೀಳುವುದು 10.3 ಲಕ್ಷ ಮಾತ್ರ. ಬೇರೆ ತಂಡ ಕರಾರಿನ ನಡುವೆ ಕೈಬಿಟ್ಟವನನ್ನು ತಂದರೆ, ಆಟಗಾರರನ್ನು ಕಳೆದುಕೊಂಡ ತಂಡಕ್ಕೆ ಪರಿಹಾರವಾಗಿ ಸಿಗುವ ಡ್ರಾಫ್ಟ್ ಆಯ್ಕೆಗಳ ಲೆಕ್ಕಕ್ಕೆ ಅವನು ಬರುವುದಿಲ್ಲ, ಕರಾರು ಮುಗಿದು ಬಂದವನು ಬರುತ್ತಾನೆ. ಇಬ್ಬರೂ ಸಮ ಅನ್ನಿಸಿದರೆ ಕೈಬಿಡಲ್ಪಟ್ಟವನೇ ಲಾಭ.

ಇನ್ನು ನನಗೆ ತುಂಬಾ ಇಷ್ಟವಾದ ಭಾಗ, ಕರಾರಿನ ಕಟ್ಟಡ. ಕಳೆದ ವರ್ಷ ತಂಡವೊಂದರ ಸ್ಯಾಲರಿ ಕ್ಯಾಪ್, ಅಂದರೆ ಸಂಬಳಗಳ ಒಟ್ಟು ಮಿತಿ, 279.2 ಮಿಲಿಯನ್ ಡಾಲರ್. ಒಬ್ಬನಿಗೆ 3 ವರ್ಷಕ್ಕೆ 30 ಅಂದುಕೋ. ಒಂದು ದಾರಿ: ರುಜು ಹಾಕಿದ್ದಕ್ಕೆ 12 ಸೈನಿಂಗ್ ಬೋನಸ್, ಸಂಬಳ 2, 8, 8. ಬೋನಸ್ ಇವತ್ತೇ ಅವನ ಕೈಗೆ, ಪುಸ್ತಕದಲ್ಲಿ ಮಾತ್ರ ವರ್ಷಕ್ಕೆ 4. ಹಾಗಾಗಿ ಕ್ಯಾಪ್ ಮೇಲೆ 6, 12, 12. ಒಂದು ವರ್ಷ ಆಡಿಸಿ ಕೈಬಿಟ್ಟರೆ ಉಳಿದ 8 ಒಟ್ಟಿಗೆ ಮೈಮೇಲೆ ಬೀಳುತ್ತದೆ, ಅದೇ ಡೆಡ್ ಮನಿ. 12 ಮಿಕ್ಕಿತು ಅಂದುಕೊಂಡವನಿಗೆ ಮಿಕ್ಕಿದ್ದು 4. ಇನ್ನೊಂದು ದಾರಿ: ಅದೇ 12ನ್ನು ಮೊದಲ ವರ್ಷದ ರೋಸ್ಟರ್ ಬೋನಸ್ (ತಂಡದ ಪಟ್ಟಿಯಲ್ಲಿದ್ದರೆ ಸಿಗುವ ಹಣ) ಅಂತ ಬರೆಯುವುದು. ಆಗ 14, 8, 8. ಮುಂದಿನ ಸಂಬಳಕ್ಕೆ ಗ್ಯಾರಂಟಿ ಕೊಟ್ಟಿಲ್ಲವಾದರೆ, ಕೈಬಿಟ್ಟ ದಿನ ಡೆಡ್ ಮನಿ ಸೊನ್ನೆ, 8 ಪೂರ್ತಿ ವಾಪಸ್. ಕಪ್ ಹತ್ತಿರ ಇರುವ ತಂಡ ನಾಳೆಯ ಹಣ ಇವತ್ತು ತಿಂದರೆ ಅರ್ಥವಿದೆ. 3–14 ತಂಡಕ್ಕೆ ಇವತ್ತಿನ ಜಾಗವೇ ಧಾರಾಳ, ನೋವನ್ನು ಇವತ್ತೇ ತಿಂದು ಮುಗಿಸಬೇಕು. ನಾಳೆಯ ಮೇಲೆ ಬರೆದರೆ ಏನಾಗುತ್ತದೆ ಅಂತ ನಿನಗೆ ಬೇರೆ ಹೇಳಬೇಕಾಗಿಲ್ಲ. ಕ್ವಾರ್ಟರ್‌ಬ್ಯಾಕ್ ಆರನ್ ರಾಜರ್ಸ್ ಹೋಗಿ ವರ್ಷವಾಗುತ್ತಾ ಬಂತು, ಅವರ 49 ಮಿಲಿಯನ್ ಡೆಡ್ ಮನಿಯಲ್ಲಿ 35 ಬೀಳುವುದು ಈ ವರ್ಷದ ಪುಸ್ತಕದಲ್ಲಿ.

ಗಾಯದ ಚರಿತ್ರೆ ಇರುವವನಾದರೆ ಸಂಬಳದ ಒಂದು ಪಾಲನ್ನು ಪಂದ್ಯಕ್ಕಿಷ್ಟು ಅಂತ 17 ಚೂರು ಮಾಡಬೇಕು. ಪಂದ್ಯಕ್ಕೆ 1 ಲಕ್ಷ ಅಂದರೆ ವರ್ಷಕ್ಕೆ 17 ಲಕ್ಷ, ಅಂಗಳಕ್ಕೆ ಇಳಿಯುವ ಪಟ್ಟಿಯಲ್ಲಿ ಇದ್ದ ದಿನಕ್ಕೆ ಮಾತ್ರ.

ಇಲ್ಲಿಗೆ ಮುಗಿಸಬೇಕು ಅಂತ ಕೂತಿದ್ದೆ, ಸೀನ. ಆ "ಡೆಡ್ ಮನಿ ಸೊನ್ನೆ" ಅನ್ನುವ ಮಾತು ಬರೆದ ಮೇಲೆ ಕೈ ನಿಂತಿತು.

ಆಟಗಾರ ತನಗೆ ಬೇಕಾದ ತಂಡಕ್ಕೆ ಹೋಗುವ ಈ ಹಕ್ಕು ಯಾರ ಹೆಸರಲ್ಲಿ ಬಂತು, ನೆನಪಿದೆಯಾ? ಫ್ರೀಮನ್ ಮೆಕ್‌ನೀಲ್. ನಿನ್ನದೇ ಜೆಟ್ಸ್‌ನ ರನ್ನಿಂಗ್ ಬ್ಯಾಕ್. ಆಗಿನ ನಿಯಮದಲ್ಲಿ ಪ್ರತಿ ತಂಡ 37 ಆಟಗಾರರನ್ನು ಹೋಗದ ಹಾಗೆ ಹಿಡಿದಿಟ್ಟುಕೊಳ್ಳಬಹುದಿತ್ತು. 1992ರ ಸೆಪ್ಟೆಂಬರಿನಲ್ಲಿ ಮಿನಿಯಾಪೊಲಿಸ್‌ನ ಜ್ಯೂರಿ ಅದು ಕಾನೂನಿಗೆ ವಿರುದ್ಧ ಅಂದಿತು. ಮರುವರ್ಷ ಬಾಗಿಲು ತೆರೆಯಿತು, ರೆಜ್ಜಿ ವೈಟ್ 4 ವರ್ಷಕ್ಕೆ 17 ಮಿಲಿಯನ್‌ಗೆ ಗ್ರೀನ್ ಬೇ ಆರಿಸಿಕೊಂಡರು, ಆ ಪುಟ್ಟ ಊರಿನ ತಂಡ 1996ರ ಸೀಸನ್‌ನಲ್ಲಿ ಸೂಪರ್ ಬೌಲ್ ಗೆದ್ದಿತು. ಮೆಕ್‌ನೀಲ್ ಮಾತ್ರ 1981ರಿಂದ 1992ರವರೆಗೆ ಒಂದೇ ತಂಡಕ್ಕೆ ಆಡಿ ನಿಲ್ಲಿಸಿದರು. ತನ್ನ ಹೆಸರಿನ ಮೊಕದ್ದಮೆ ತೆರೆದ ಬಾಗಿಲಿನಿಂದ ಅವರು ಹೊರಗೆ ಹೋಗಲೇ ಇಲ್ಲ.

ನಾನು ಇಷ್ಟು ಹೊತ್ತು ಹೇಳಿಕೊಟ್ಟದ್ದು ಆ ಬಾಗಿಲಿನಿಂದ ಬಂದವನನ್ನು ಖರ್ಚಿಲ್ಲದೆ ಹೊರಗೆ ಕಳಿಸುವ ವಿದ್ಯೆ. ಡ್ರಾಫ್ಟ್ ಆದ ಹುಡುಗ ನಾಲ್ಕು ವರ್ಷ ಕಟ್ಟುಬಿದ್ದಿರುತ್ತಾನೆ, ಮೊದಲ ಸುತ್ತಿನವನಾದರೆ ಐದನೆಯದೂ ತಂಡದ ಇಚ್ಛೆ, ಆಮೇಲೆ ಕರಾರು ಮುಗಿದರೂ ಇನ್ನೊಂದು ವರ್ಷ ಹಿಡಿದಿಡುವ ಫ್ರಾಂಚೈಸ್ ಟ್ಯಾಗ್ ಬೇರೆ. ತಾನೇ ಆರಿಸಿಕೊಳ್ಳುವ ದಿನ ಬರುವಾಗ ವಯಸ್ಸು ಇಪ್ಪತ್ತಾರು, ಇಪ್ಪತ್ತೇಳು. ಹೆಂಡತಿ, ಮಗು, ಸಾಮಾನು ಎಲ್ಲ ಕಟ್ಟಿಕೊಂಡು ನ್ಯೂಜೆರ್ಸಿಗೆ ಬರುತ್ತಾನೆ. ಮುಂದಿನ ವರ್ಷ ಆಗಸ್ಟ್ ಕೊನೆಯಲ್ಲಿ 90 ಜನರನ್ನು 53ಕ್ಕೆ ಇಳಿಸುವ ದಿನ ಅವನನ್ನು ಕರೆದು, ತಂಡದಿಂದ ತೆಗೆದು, ಆಟದ ತಂತ್ರಗಳ ಪುಸ್ತಕ ವಾಪಸ್ ಇಸಿದುಕೊಳ್ಳುತ್ತಾರೆ. ಮೊದಲ ಪಂದ್ಯದ ದಿನ ಪಟ್ಟಿಯಲ್ಲಿದ್ದರೆ ಹಳಬನ ಆ ವರ್ಷದ ಸಂಬಳಕ್ಕೆ ರಕ್ಷಣೆ ಸಿಕ್ಕಿಬಿಡುತ್ತದೆ, ಅದಕ್ಕೇ ಅದಕ್ಕೆ ಮೊದಲು. ಅಷ್ಟರಲ್ಲಿ ಉಳಿದ 31 ತಂಡಗಳ ಹಣ ಮುಗಿದಿರುತ್ತದೆ. ಇಂಥ ಸುದ್ದಿ ಬಂದಾಗೆಲ್ಲ "ಒಳ್ಳೆ ಲೆಕ್ಕ" ಅಂತ ನಾನು ನಿನಗೆ ಬರೆದಿದ್ದೇನೆ. ಒಂದು ಸಲವೂ ಆ ಮನುಷ್ಯ ಎಲ್ಲಿಗೆ ಹೋದ ಅಂತ ಕೇಳಿಲ್ಲ. ಈ ವಾರ ಅದು ನನ್ನನ್ನು ನಿದ್ದೆ ಮಾಡಲು ಬಿಡುತ್ತಿಲ್ಲ. ಇದನ್ನು ನಿನ್ನೊಬ್ಬನಿಗೆ ಹೇಳಬೇಕಿತ್ತೇನೋ.

ಲೆಕ್ಕ ಬಿಡು ಅನ್ನುತ್ತಿಲ್ಲ. ಆದರೆ ಒಂದು ಸಾಲು ಸೇರಿಸಲೇಬೇಕು. ಎರಡನೇ, ಮೂರನೇ ವರ್ಷದ 8ರಲ್ಲಿ 2ನ್ನು ತೆಗೆದು, ಮಾರ್ಚ್‌ನಲ್ಲಿ ಶುರುವಾಗುವ ಹೊಸ ಲೀಗ್ ವರ್ಷದ ಮೂರನೇ ದಿನವೋ ಐದನೇ ದಿನವೋ ಕೊಡಬೇಕಾದ ರೋಸ್ಟರ್ ಬೋನಸ್ ಅಂತ ಬರೆಯುವುದು. ಆಗ ತಂಡ ಮಾರ್ಚ್‌ನಲ್ಲೇ ಬಾಯಿ ಬಿಡಬೇಕು: ಇಟ್ಟುಕೊಳ್ಳುತ್ತೀಯೋ, ಬಿಡುತ್ತೀಯೋ? ಬಿಟ್ಟರೂ ಎಲ್ಲರ ಜೇಬು ತುಂಬಿರುವಾಗ ಬಿಟ್ಟ ಹಾಗಾಗುತ್ತದೆ, ಅವನಿಗೆ ಇನ್ನೊಂದು ಮನೆ ಸಿಗುತ್ತದೆ. ಏಜೆಂಟರು ಹಟ ಹಿಡಿದು ಕೇಳುವುದೂ ಇದನ್ನೇ. ತಂಡಕ್ಕೆ ಇದರಿಂದ ಒಂದು ಪೈಸೆ ಹೆಚ್ಚಿಲ್ಲ, ಆಗಸ್ಟ್‌ವರೆಗೆ ಕಾಯುವ ಸುಖ ಮಾತ್ರ ಹೋಗುತ್ತದೆ. ಏಜೆಂಟರು ಒಬ್ಬೊಬ್ಬರೂ ಹತ್ತಾರು ಆಟಗಾರರನ್ನು ನೋಡಿಕೊಳ್ಳುತ್ತಾರೆ. ಯಾವ ಊರಿನವರು ಮಾರ್ಚ್‌ನಲ್ಲಿ ಮುಖ ನೋಡಿ ಹೇಳುತ್ತಾರೆ, ಯಾವ ಊರಿನವರು ಆಗಸ್ಟ್‌ವರೆಗೆ ಕೂರಿಸುತ್ತಾರೆ ಅನ್ನುವುದು ಅವರ ತಲೆಯಲ್ಲಿರುತ್ತದೆ. 12 ಕೊಡಬೇಕಾದ ಕಡೆ 11ಕ್ಕೆ ಒಪ್ಪುವ ದಿನ ಬಂದರೆ ಅದು ಇಂಥ ನಡತೆಯಿಂದ ಬರಬೇಕು. ನಿಮ್ಮ ಕೋಚ್ ಆರನ್ ಗ್ಲೆನ್ ಎಂಟು ವರ್ಷ ಇದೇ ಹಸಿರು ಅಂಗಿ ತೊಟ್ಟು ಆಡಿದವರು, ಅವರಿಗೆ ಇದು ಅರ್ಥವಾಗದೆ ಇರದು ಅಂತ ನಂಬಿದ್ದೇನೆ.

ಸಾಕು, ತುಂಬಾ ಬರೆದೆ. ಬಕೆಟ್ ಎಸೆಯಬೇಡ, ಶೆಟ್ಟರ ಮಗನ ಮದುವೆಗೆ ಬೇಕಾಗುತ್ತದೆ. ಅತ್ತಿಗೆಗೆ ನಮಸ್ಕಾರ ಹೇಳು, ಚಿಕ್ಕವನು "ಮೂರನೇ ಡೌನ್" ಅಂತ ಇನ್ನೂ ಕೂಗುತ್ತಾನಾ ಕೇಳು. ಮಾರ್ಚ್ 9ರಂದು ನಿಮ್ಮಲ್ಲಿ ಮಧ್ಯಾಹ್ನ 12 ಅಂದರೆ ಇಲ್ಲಿ ರಾತ್ರಿ 9.30, ಊಟ ಮುಗಿಸಿ ಕಾದಿರುತ್ತೇನೆ. ಮೊದಲ ಹೆಸರು ಗಾರ್ಡ್‌ನದ್ದಾದರೆ ಫೋನ್ ಮಾಡು, ಎಷ್ಟು ಹೊತ್ತಾದರೂ ಮಾತಾಡೋಣ. ಕ್ವಾರ್ಟರ್‌ಬ್ಯಾಕ್‌ನದ್ದಾದರೆ ಒಂದು ಮಿಸ್ಡ್ ಕಾಲ್ ಕೊಡು, ಸಾಕು.

ನಿನ್ನ,
ಗೋಪಿ